ಸಹಾಯ ಬೇಕು: ಹಾನ್ ವಂಶದ ಬಾಲ ಚಕ್ರವರ್ತಿಗಳ ಪಾಠಕ್ಕೆ ಕನ್ನಡ ಪದಗಳು

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಚೀನಾದ ಪೂರ್ವ ಹಾನ್ ವಂಶದ ಬಾಲ ಚಕ್ರವರ್ತಿಗಳ ಬಗ್ಗೆ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದು, ಪಾರಿಭಾಷಿಕ ಪದಗಳ ವಿಷಯದಲ್ಲಿ ತಮ್ಮ ನೆರವು ಬೇಕಾಗಿದೆ. ಕ್ರಿ.ಶ. 106ರಲ್ಲಿ ಪಟ್ಟಕ್ಕೇರಿದ ಶಾಂಗ್ ಆಗಿನ್ನೂ ನೂರು ದಿನ ದಾಟಿದ್ದ ಕೂಸು. ಅದೇ ವರ್ಷ ಆ ಮಗು ತೀರಿಕೊಂಡರೂ, ವಿಧವೆ ಸಾಮ್ರಾಜ್ಞಿ ದೆಂಗ್ ಸುಯಿ 121ರಲ್ಲಿ ತಾನು ಸಾಯುವವರೆಗೆ ಆಡಳಿತದ ಸೂತ್ರವನ್ನು ಕೈಬಿಡಲಿಲ್ಲ. ಮುಂದೆ 145ರಲ್ಲಿ ಪಟ್ಟವಾದ ಏಳೆಂಟು ವರ್ಷದ ಝಿ, ಆಗಿನ ವಿಧವೆ ಸಾಮ್ರಾಜ್ಞಿ ಲಿಯಾಂಗ್ ನಾಳ ಅಣ್ಣ ಲಿಯಾಂಗ್ ಜಿಯನ್ನು ತುಂಬಿದ ಆಸ್ಥಾನದಲ್ಲೇ 'ದರ್ಪದ ಸೇನಾಪತಿ' ಎಂದು ಕರೆದುಬಿಟ್ಟ. ಮರುವರ್ಷ ವಿಷ ಬೆರೆತ ತಿನಿಸು ತಿಂದು, ನೀರು ಕೊಟ್ಟರೆ ಬದುಕಿಯೇನು ಎಂದು ಆ ಹುಡುಗ ಅಂಗಲಾಚಿದಾಗ, ವಾಂತಿಯಾದೀತೆಂಬ ನೆಪ ಹೇಳಿ ಲಿಯಾಂಗ್ ಜಿ ನೀರನ್ನೂ ತಡೆದನೆಂದು ಚರಿತ್ರೆ ಹೇಳುತ್ತದೆ. ಇದನ್ನು ಓದಿದಾಗಲೆಲ್ಲ ಕರುಳು ಹಿಂಡಿದಂತಾಗುತ್ತದೆ. ಕೊನೆಗೆ 159ರಲ್ಲಿ ಚಕ್ರವರ್ತಿ ಹುವಾನ್ ಅಂತಃಪುರದ ಐವರು ನಪುಂಸಕ ಅಧಿಕಾರಿಗಳ ನೆರವಿನಿಂದ ಲಿಯಾಂಗ್ ಜಿಯನ್ನು ಕೆಡವಿದ. ಅಲ್ಲಿಂದ ಅಧಿಕಾರ ಆ ಅಧಿಕಾರಿಗಳ ಪಾಲಾಯಿತು.

ನನ್ನ ತೊಡಕು ಇಲ್ಲಿದೆ. 'ನಪುಂಸಕ' ಎಂಬುದು ದೇಹಸ್ಥಿತಿಯನ್ನಷ್ಟೇ ಹೇಳುತ್ತದೆ, ಹುದ್ದೆಯನ್ನಲ್ಲ. 'ಕಂಚುಕಿ' ಎಂದರೆ ಸಂಸ್ಕೃತ ನಾಟಕದ ವೃದ್ಧ ಸೇವಕ ಕಣ್ಮುಂದೆ ಬರುತ್ತಾನೆ. ಸಾಮ್ರಾಜ್ಞಿಯ ಬಂಧುಗಳ ಗುಂಪಿಗೆ 'ತವರಿನ ಬಣ' ಎಂದು ಬರೆದಿದ್ದೇನೆ, ಅದು ನನಗೆ ಒಪ್ಪುವಂತಿದೆ, ಆದರೂ ತಮ್ಮ ಅಭಿಪ್ರಾಯ ಬೇಕು. ಚೀನೀ ಭಾಷೆ ಬಲ್ಲವರು ಮೇಲಿನ ಹೆಸರುಗಳ ಉಚ್ಚಾರಣೆಯನ್ನು ತಿದ್ದಿಕೊಟ್ಟರೆ ಬಹಳ ಉಪಕಾರವಾಗುತ್ತದೆ.