ವೇಟ್ಸ್ ಶುರು ಮಾಡಿದ್ದೀನಿ, ಸುಸ್ತು ತಡೆಯೋಕಾಗ್ತಿಲ್ಲ, ಏನು ತಿನ್ನಲಿ?

ವಯಸ್ಸು 34, ಇಬ್ಬರು ಮಕ್ಕಳು, ಮೊಟ್ಟೆ ತಿನ್ನುವ ಸಸ್ಯಾಹಾರಿ, ಜಿಮ್‌ನಲ್ಲಿ ವೇಟ್ಸ್ ಎತ್ತೋಕೆ ಶುರು ಮಾಡಿ ಮೂರು ವಾರ, ಮನೆ ತಲುಪೋಷ್ಟರಲ್ಲಿ ಕೈಕಾಲು ಬಿದ್ದುಹೋಗುತ್ತೆ, ಒಮ್ಮೊಮ್ಮೆ ತಲೆ ಸುತ್ತುತ್ತೆ ಅಂತ ಬರೆದಿದ್ದೀರಿ. ಅನ್ನ ಬಿಡಬೇಕಾ, ಪ್ರೋಟೀನ್ ಪೌಡರ್ ತಗೊಳ್ಳಲೇಬೇಕಾ ಅಂತ ಕೇಳಿದ್ದೀರಿ.

ಅನ್ನ ಬಿಡಬೇಡಿ. ಪೌಡರ್ ವಿಷಯ ಆಮೇಲೆ. ತಲೆ ಸುತ್ತುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ನಾನು ಶುರು ಮಾಡಿದ್ದು 35ಕ್ಕೆ, ಈಗ 38. ಆಗಿನ ಟ್ರೇನರ್ ಮಾತು ಕೇಳಿ ರಾತ್ರಿ ಅನ್ನ, ಮುದ್ದೆ ಎರಡೂ ಬಿಟ್ಟಿದ್ದೆ. ಒಂದು ಸಂಜೆ ಭಾರದ ಬಾರ್ ಹೆಗಲಿಗಿಟ್ಟು ಸ್ಕ್ವಾಟ್ (ಕುಕ್ಕರುಗಾಲಲ್ಲಿ ಕೂತು ಏಳೋದು) ಮಾಡಿ ಮೇಲೇಳುವಾಗ ಕಣ್ಣಿಗೆ ಕತ್ತಲೆ ಕವಿಯಿತು. ಬಾರ್ ಹೇಗೋ ರ್‍ಯಾಕ್‌ಗೆ ಸೇರಿಸಿ ಅಲ್ಲೇ ನೆಲಕ್ಕೆ ಕೂತೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.8. ಹೆಂಗಸರಿಗೆ ಕನಿಷ್ಠ 12 ಇರಬೇಕು. ಇದು ನನ್ನೊಬ್ಬಳ ಕಥೆಯಲ್ಲ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು, ಜೊತೆಗೆ ಊಟವಾದ ತಕ್ಷಣ ಕಾಫಿ ಕುಡಿಯೋದನ್ನು ನಿಲ್ಲಿಸಿದರು. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಈಗ ಕಾಫಿ ಒಂದು ಗಂಟೆ ಬಿಟ್ಟು, ಕಬ್ಬಿಣ ಚೆನ್ನಾಗಿ ಹತ್ತಲಿ ಅಂತ ಊಟದ ಪಲ್ಯಕ್ಕೆ ನಿಂಬೆಹುಳಿ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನೂ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಇನ್ನು ಪ್ರೋಟೀನ್. ದಿನಾ ಬೇಳೆ ತಿಂತೀನಲ್ಲ, ಸಾಕು ಅಂದುಕೊಂಡಿದ್ದೆ. ಒಂದು ದಿನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ನಾಲ್ಕು ಜನರ ಸಾರಿಗೆ ನಾನು ಹಾಕುತ್ತಿದ್ದ ತೊಗರಿಬೇಳೆ 80 ಗ್ರಾಂ, ಅದರಲ್ಲಿ ಪ್ರೋಟೀನ್ ಸುಮಾರು 17 ಗ್ರಾಂ. ಸಮಪಾಲಾದರೂ ಒಬ್ಬರಿಗೆ ನಾಲ್ಕು ಚಿಲ್ಲರೆ. ಸಮಪಾಲು ಎಲ್ಲಾಗುತ್ತೆ? ಸೌಟು ತಳಕ್ಕೆ ಇಳಿಸಿ ಗಟ್ಟಿ ಬೇಳೆ ಮಕ್ಕಳಿಗೂ ಮನೆಯವರಿಗೂ ಬಡಿಸಿ, ಕೊನೆಗೆ ಕೂತ ನನಗೆ ಬರುತ್ತಿದ್ದದ್ದು ಮೇಲಿನ ತಿಳಿ. ಅಮ್ಮನೂ ಹಾಗೇ ಉಂಡವಳು, ನೆನೆದರೆ ಸಂಕಟವಾಗುತ್ತೆ. ಈಗ ಒಗ್ಗರಣೆಗೆ ಮುಂಚೆಯೇ ನನ್ನ ಬಟ್ಟಲಿಗೆ ಬೆಂದ ಬೇಳೆ ತೆಗೆದಿಡುತ್ತೇನೆ. ನೀವೂ ಒಂದು ದಿನ ತೂಗಿ ನೋಡಿ, ದಯವಿಟ್ಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಸಾಮಾನ್ಯರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವೇಟ್ಸ್ ಎತ್ತುವವರಿಗೆ 1.2ರಿಂದ 1.6 ಇದ್ದರೆ ಒಳ್ಳೆಯದು. ನಾನು 58 ಕೆಜಿ, ಹಾಗಾಗಿ 75 ಗ್ರಾಂ ಗುರಿ. ಬೆಳಿಗ್ಗೆ ಹೆಸರುಕಾಳಿನ ದೋಸೆ ಮತ್ತು ಎರಡು ಮೊಟ್ಟೆ, ಅಲ್ಲಿಗೇ 24 ಹತ್ತಿರ. ಮಧ್ಯಾಹ್ನ ಅನ್ನ, ಆ ಗಟ್ಟಿ ಬೇಳೆ, ದೊಡ್ಡ ಬಟ್ಟಲು ಮೊಸರು. ಜಿಮ್‌ಗೆ ಒಂದು ಗಂಟೆ ಮುಂಚೆ ಬಾಳೆಹಣ್ಣು, ಹಿಡಿ ಹುರಿದ ಕಡಲೆಕಾಯಿ. ರಾತ್ರಿ ಮುದ್ದೆ ಜೊತೆ ಹುರುಳಿಕಾಳಿನ ಬಸ್ಸಾರು, ಕಾಳಿನ ಪಲ್ಯ ಬಿಡದೆ, ಇಲ್ಲವೇ 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಸಾಗು. ಸೋಯಾ ಒಂದರಲ್ಲೇ 15 ಗ್ರಾಂ ಸಿಗುತ್ತೆ. ರಾಗಿಯಲ್ಲಿ ಪ್ರೋಟೀನ್ ಕಡಿಮೆ, ಆದರೆ 100 ಗ್ರಾಂಗೆ 350 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಈ ವಯಸ್ಸಿನಲ್ಲಿ ಮೂಳೆಗೆ ಅದು ಬೇಕೇ ಬೇಕು.

ಪೌಡರ್ ಕಡ್ಡಾಯವಲ್ಲ. ನಮ್ಮ ಬ್ಯಾಚಿನಲ್ಲಿ ಮೊಟ್ಟೆಯನ್ನೂ ತಿನ್ನದ ಒಬ್ಬರಿಗೆ ಕೆಲಸದ ಗಡಿಬಿಡಿಯಲ್ಲಿ ಕಾಳು ನೆನೆಸೋಕೆ ಆಗುವುದಿಲ್ಲ, ಅವರು ದಿನಕ್ಕೆ ಒಂದು ಸ್ಕೂಪ್ ವೇ (ಹಾಲಿನಿಂದ ಮಾಡಿದ ಪ್ರೋಟೀನ್ ಪೌಡರ್) ಕುಡಿಯುತ್ತಾರೆ, ಅನುಕೂಲವಾಗಿದೆ. ಕಾಲು ಜುಮ್ಮೆನ್ನುತ್ತೆ ಅಂತ ಪರೀಕ್ಷಿಸಿದಾಗ ಅವರಿಗೆ ವಿಟಮಿನ್ ಬಿ12 ತೀರಾ ಕಡಿಮೆ ಬಂತು, ಅದನ್ನೂ ನಿಮ್ಮ ಪರೀಕ್ಷೆಯಲ್ಲಿ ಸೇರಿಸಿ. ಇನ್ನೊಬ್ಬರು ಶನಿವಾರ ಒಪ್ಪೊತ್ತು ಇರುತ್ತಾರೆ, ಆ ದಿನ ವೇಟ್ಸ್ ಮುಟ್ಟದೆ ಭಾನುವಾರಕ್ಕೆ ಹಾಕಿಕೊಳ್ಳುತ್ತಾರೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ತೂಕದ ಮಷೀನ್ ನೋಡಿ ಗಾಬರಿಯಾಗಬೇಡಿ. ಸರಿಯಾಗಿ ಉಣ್ಣೋಕೆ ಶುರು ಮಾಡಿದ ಎರಡು ತಿಂಗಳಲ್ಲಿ ನಾನು ಒಂದೂವರೆ ಕೆಜಿ ಏರಿದೆ, ರವಿಕೆ ತೋಳಲ್ಲಿ ಬಿಗಿಯಾಯಿತು, ಚೂಡಿದಾರದ ಲಾಡಿ ಸೊಂಟದಲ್ಲಿ ಸಡಿಲವಾಯಿತು. ಹಿಮೋಗ್ಲೋಬಿನ್ 12 ದಾಟೋಕೆ ನಾಲ್ಕು ತಿಂಗಳು ಹಿಡಿಯಿತು. ಅಲ್ಲಿವರೆಗೆ ಭಾರ ಏರಿಸಲಿಲ್ಲ, ಹಗುರದಲ್ಲೇ ಮಾಡಿದೆ. ರಿಪೋರ್ಟ್ ಬಂದ ಮೇಲೆ ತಿಳಿಸಿ, ನಿಮ್ಮ ತೂಕ ಎಷ್ಟು ಅಂತಲೂ ಬರೆಯಿರಿ, ತಟ್ಟೆಯ ಲೆಕ್ಕ ಕೂತು ಹಾಕೋಣ.