ಅಮೆರಿಕನ್ ಹಾಸ್ಯ ಪುಸ್ತಕ ಓದಿದ್ರೆ ನಗುನೇ ಬರ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ?

ಚಿತ್ರಾನ್ನ ಚಂದ್ರು:
ಚಿಕ್ಕಂದಿನಿಂದ ಬೀಚಿ, ರಾಶಿ ಓದ್ಕೊಂಡು ಬಿದ್ದು ಬಿದ್ದು ನಕ್ಕವನು ನಾನು. ಅಮೆರಿಕದವ್ರದ್ದೂ ನೋಡೋಣ ಅಂತ ಹೋದ್ತಿಂಗಳು ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಒಂದು ತಂದೆ, ಎಪ್ಪತ್ತರ ದಶಕದ ಪೇಪರ್ ಕಾಲಂಗಳ ಕಲೆಕ್ಷನ್ನು, ಪೂರ್ತಿ ರಾಜಕೀಯ ವಿಡಂಬನೆ. ಪುಟಕ್ಕೆ ಮೂರು ಸೆನೆಟರ್ ಹೆಸ್ರು, ಒಬ್ಬನೂ ಗೊತ್ತಿಲ್ಲ, ಗೂಗಲ್ ಮಾಡಿ ಇವ್ನು ಯಾರು ಏನು ಹಗರಣ ಅಂತ ತಿಳ್ಕೊಂಡು ವಾಪಸ್ ಬರೋಷ್ಟರಲ್ಲಿ ಜೋಕು ಹಳಸಿರತ್ತೆ. ನನ್ ಇಂಗ್ಲಿಷ್ ಸಾಲ್ದೋ, ಅವ್ರ ಹಾಸ್ಯನೇ ಹೀಗೋ?

ಮೂಲೆಮನೆ ಮೇಷ್ಟ್ರು:
ಇಂಗ್ಲಿಷ್ ತಪ್ಪಲ್ಲ ಸ್ವಾಮಿ, ಪುಸ್ತಕ ತಪ್ಪು. ಪೇಪರ್ ವಿಡಂಬನೆ ಬಿಸಿಬಿಸಿ ಇದ್ದಾಗ್ಲೇ ತಿಂದ್ಬಿಡ್ಬೇಕು. ಜೇಮ್ಸ್ ಥರ್ಬರ್ ಹಿಡೀರಿ, 1933ರ 'ಮೈ ಲೈಫ್ ಅಂಡ್ ಹಾರ್ಡ್ ಟೈಮ್ಸ್'. ಓಹಾಯೋದ ಕೊಲಂಬಸ್ಸಲ್ಲಿ ತಾನು ಬೆಳೆದ ಮನೆ ಕಥೆ, ಸಣ್ಣ ಪುಸ್ತಕ, ಚಿತ್ರಗಳೂ ಅವನದ್ದೇ, ಮಕ್ಳು ಗೀಚಿದಂಗಿರತ್ತೆ ಆದ್ರೆ ಆ ಮುಖಗಳ ಗಾಬರಿ ನೋಡ್ಬೇಕು. ಮಂಚ ಬಿದ್ದ ರಾತ್ರಿ ಅಂತ ಮೊದಲನೇ ಕಥೆ. ಅಪ್ಪ ಅಟ್ಟದ ಮೇಲೆ ಮಲಗ್ತೀನಿ ಅಂತಾನೆ, ಆ ಹಳೇ ಮಂಚ ಮುರಿದು ಗಂಡ ಸತ್ತೇಹೋಗ್ತಾನೆ ಅಂತ ಅಮ್ಮಂಗೆ ಭಯ. ನಿದ್ದೇಲಿ ಉಸಿರು ನಿಂತೋಗತ್ತೆ ಅಂತ ನಂಬ್ಕೊಂಡಿರೋ ಕಸಿನ್ ಒಬ್ಬ, ಎಚ್ಚರ ಆಗ್ಲಿ ಅಂತ ತಲೆದೆಸೆಲಿ ಕರ್ಪೂರದ ದ್ರಾವಣ ಇಟ್ಕೊಂಡು ಮಲಗ್ತಾನೆ. ರಾತ್ರಿ ಬೀಳೋದು ನಮ್ ಕಥೆಗಾರನ ಮಡಚೋ ಮಂಚ, ಅಷ್ಟೆ. ಅಮ್ಮ ಅಟ್ಟದ್ದೇ ಬಿತ್ತು ಅಂತ ಕಿರುಚ್ತಾಳೆ, ಕಸಿನ್ನು ತನ್ನುಸಿರೇ ನಿಂತ್ಹೋಯ್ತು ಅಂದ್ಕೊಂಡು ಕರ್ಪೂರನೆಲ್ಲ ಮೈಮೇಲೆ ಸುರ್ಕೊಳ್ತಾನೆ, ಅಪ್ಪ ಮನೆಗೆ ಬೆಂಕಿ ಬಿತ್ತು ಅಂದ್ಕೊಂಡು ಇಳಿದು ಬರ್ತಾನೆ, ನಾಯಿಗೆ ಇದೆಲ್ಲ ಆ ಕಸಿನ್ನಿಂದ್ಲೇ ಆಗಿದ್ದು ಅನ್ಸಿ ಅವನ ಮೇಲೇ ಹಾರತ್ತೆ. ಇದಕ್ಕೆ ಯಾವ ಸೆನೆಟರೂ ಗೊತ್ತಿರ್ಬೇಕಿಲ್ಲ ನೋಡಿ.

ಕಪ್ಪು ಶಾಯಿ:
ಮೇಷ್ಟ್ರೇ, ರಾಜಕೀಯ ವ್ಯಂಗ್ಯಚಿತ್ರನ ಅಷ್ಟು ಸಲೀಸಾಗಿ ತಳ್ಳಿಹಾಕ್ಬೇಡಿ. ಥಾಮಸ್ ನಾಸ್ಟ್ ಅಂತ ಒಬ್ಬ 'ಹಾರ್ಪರ್ಸ್ ವೀಕ್ಲಿ'ಗೆ ಬರೀತಿದ್ದ. ನ್ಯೂಯಾರ್ಕ್ ನಗರದ ದುಡ್ಡು ನುಂಗಿದ ಬಾಸ್ ಟ್ವೀಡನ್ನ ವಾರ ವಾರ ಬಿಡದೆ ಬರೆದ, ಒಂದ್ರಲ್ಲಿ ತಲೆ ಇರೋ ಜಾಗದಲ್ಲಿ ದುಡ್ಡಿನ ಚೀಲ. ಜೈಲಿಂದ ತಪ್ಪಿಸ್ಕೊಂಡ ಟ್ವೀಡ್ 1876ರಲ್ಲಿ ಸ್ಪೇನಲ್ಲಿ ಸಿಕ್ಕಿಬಿದ್ದಿದ್ದು ನಾಸ್ಟ್ ಚಿತ್ರ ನೋಡಿ ಗುರುತು ಹಿಡಿದಿದ್ರಿಂದ. ಚಿತ್ರದಲ್ಲಿ ಅವನು ಇಬ್ರು ಹುಡುಗ್ರನ್ನ ಹಿಡ್ಕೊಂಡಿದ್ದ, ಅಲ್ಲಿನೋರು ಮಕ್ಕಳ ಕಳ್ಳ ಅಂದ್ಕೊಂಡಿದ್ರಂತೆ 😂

ಮೂಲೆಮನೆ ಮೇಷ್ಟ್ರು:
ಕಥೆ ಸಖತ್ತಾಗಿದೆ ಒಪ್ಪಿದೆ, ಆದ್ರೆ ನಗು ಬಂದಿದ್ದು ನೀವು ಹೇಳಿದ ಕಥೆಗೆ, ಚಿತ್ರಕ್ಕಲ್ಲ. ಬರೀ ಚಿತ್ರ ಕೊಟ್ರೆ ಚಂದ್ರು ಮತ್ತೆ ಗೂಗಲ್ಲೇ.

ಬವೇರಿಯಾ ಭಾಗ್ಯ:
ಈಗಿನ ಕಾಲದ್ದು ಬೇಕಂದ್ರೆ ಡೇವಿಡ್ ಸೆಡಾರಿಸ್, 'ಮಿ ಟಾಕ್ ಪ್ರೆಟಿ ಒನ್ ಡೇ', 2000ದ್ದು. ನಲವತ್ತೊಂದನೇ ವಯಸ್ಸಲ್ಲಿ ಪ್ಯಾರಿಸಲ್ಲಿ ಫ್ರೆಂಚ್ ಕ್ಲಾಸಿಗೆ ಸೇರಿ ಟೀಚರ್ ಹತ್ರ ಬೈಸ್ಕೊಳೋದು. ಈಸ್ಟರ್ ಅಂದ್ರೇನು ಅಂತ ಮೊರಾಕೊದ ಹುಡುಗಿ ಕೇಳ್ತಾಳೆ, ಕ್ಲಾಸಲ್ಲಿರೋ ಎಲ್ರೂ ಗೊತ್ತಿರೋ ನಾಕು ಪದದಲ್ಲಿ ಯೇಸು ಕಥೆ ವಿವರಿಸೋಕೆ ಒದ್ದಾಡ್ತಾರೆ. ನಾನಿಲ್ಲಿ ಜರ್ಮನ್ ಕ್ಲಾಸಲ್ಲಿ ಗೌರಿ ಗಣೇಶ ಹಬ್ಬ ವಿವರಿಸೋಕ್ಹೋಗಿ 'ಅಪ್ಪ ಮಗನ ತಲೆ ಕಡಿದ, ಆಮೇಲೆ ಆನೆ, ನಾವು ಸಿಹಿ ತಿಂತೀವಿ' ಅಂದಿದ್ದೆ, ಕ್ಲಾಸೇ ಗಪ್‌ಚುಪ್. ಅದಾದ್ಮೇಲೆ ಈ ಪುಸ್ತಕ ಓದಿದ್ದು, ಟ್ರೈನಲ್ಲಿ ಒಬ್ಳೇ ನಗ್ತಾ ಕೂತಿದ್ದೆ.

ಕಾಗೆ ಪುರಾಣ:
ಯಾರೂ ಮಾರ್ಕ್ ಟ್ವೇನ್ ಅನ್ಲಿಲ್ವಲ್ಲ?! ಸಾಲ ತೀರ್ಸೋಕೆ ಭಾಷಣ ಮಾಡ್ಕೊಂಡು ಲೋಕ ಸುತ್ತಿದಾಗ 1896ರಲ್ಲಿ ಬಾಂಬೆಗೂ ಬಂದಿದ್ದ. 'ಫಾಲೋಯಿಂಗ್ ದಿ ಇಕ್ವೇಟರ್'ನಲ್ಲಿ ನಮ್ ಕಾಗೆಗಳ ಬಗ್ಗೆ ಬರ್ದಿದಾನೆ, ಹೋಟ್ಲು ಬಾಲ್ಕನಿ ಕಂಬಿ ಮೇಲೆ ಕೂತು ಇವನ ಬಟ್ಟೆ, ಕೂದ್ಲು, ಮೈಬಣ್ಣ, ಕಸುಬು ಎಲ್ಲಾನೂ ನಾಚ್ಕೆ ಇಲ್ದೆ ಚರ್ಚೆ ಮಾಡ್ತಾವಂತೆ. ಪುಸ್ತಕ ಉದ್ದ, ಬೋರಾದ ಕಡೆ ಹಾರ್ಸ್ಕೊಂಡು ಓದಿ, ಏನೂ ಪಾಪ ಬರಲ್ಲ.

ಚಿತ್ರಾನ್ನ ಚಂದ್ರು:
ಥರ್ಬರ್ ಸಿಕ್ತು, ಎರಡು ರಾತ್ರೀಲಿ ಮುಗೀತು, ಮೇಷ್ಟ್ರಿಗೆ ಉದ್ದಂಡ ನಮಸ್ಕಾರ 🙏 ಅದ್ರಲ್ಲಿ ಒಬ್ಳು ಅಜ್ಜಿ ಬರ್ತಾಳೆ, ಬಲ್ಬಿಲ್ದಿರೋ ಹೋಲ್ಡರಿಂದ ಕರೆಂಟು ಮನೆಯೆಲ್ಲ ಸೋರ್ತಿದೆ ಅಂತ ಅವಳ ನಂಬ್ಕೆ, ಓಡಾಡ್ಕೊಂಡು ಬಲ್ಬ್ ತಿರುಗ್ಸೋದೇ ಕೆಲ್ಸ. ಅಮ್ಮಂಗೆ ಕನ್ನಡದಲ್ಲಿ ಹೇಳ್ದೆ. ಅಮ್ಮ ನಗ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, ಎದ್ದು ಹೋಗಿ ಮಿಕ್ಸಿ ಪ್ಲಗ್ ತೆಗೆದ ಪಾಯಿಂಟಿನ ಸ್ವಿಚ್ ಆಫ್ ಮಾಡಿ ಬಂದ್ರು.