ಸಹಾಯ ಬೇಕು: ಡಾಕಿಂಗ್‌ಗೆ ಮುನ್ನ ಎಫ್‌ಎಡಿಯನ್ನು ತೆಗೆಯಬೇಕೇ, ಉಳಿಸಬೇಕೇ?

ನಮಸ್ಕಾರ. ದಾವಣಗೆರೆಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಬಿಹಾರ, ಜಾರ್ಖಂಡ್ ಕಡೆ ಕಾಡುವ ಕಾಲಾ ಅಜಾರ್ ಜ್ವರಕ್ಕೆ ಕಾರಣವಾದ ಲೀಶ್ಮೇನಿಯಾ ಪರೋಪಜೀವಿಯ ಟ್ರೈಪನೊಥಯೋನ್ ರಿಡಕ್ಟೇಸ್ ಕಿಣ್ವವನ್ನು ತಡೆಯಬಲ್ಲ ಸಸ್ಯಜನ್ಯ ಸಂಯುಕ್ತಗಳನ್ನು ಡಾಕಿಂಗ್ ಮೂಲಕ, ಅಂದರೆ ಅಣು ಕಿಣ್ವದಲ್ಲಿ ಎಲ್ಲಿ, ಎಷ್ಟು ಬಿಗಿಯಾಗಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹುಡುಕುವುದು ನನ್ನ ಪ್ರಾಜೆಕ್ಟ್. ಮನುಷ್ಯರಲ್ಲಿ ಈ ಕಿಣ್ವ ಇಲ್ಲ, ಅದಕ್ಕೇ ಆರಿಸಿಕೊಂಡೆ.

ಬಳಸುತ್ತಿರುವುದು ಪ್ರೋಟೀನ್ ರಚನೆಗಳ ಸಂಗ್ರಹವಾದ ಪಿಡಿಬಿಯಲ್ಲಿರುವ ಈ ಕಿಣ್ವದ 2ಜೆಕೆ6 ರಚನೆ, ಡಾಕಿಂಗ್‌ಗೆ ಆಟೊಡಾಕ್ ವೀನಾ ತಂತ್ರಾಂಶ. ವಿಡಿಯೊ ಪಾಠಗಳೆಲ್ಲ ರಚನೆಯಲ್ಲಿರುವ ನೀರಿನ ಜೊತೆ ಎಫ್‌ಎಡಿಯನ್ನೂ (ಕಿಣ್ವದೊಳಗೇ ಕುಳಿತು ಅದರ ಕೆಲಸಕ್ಕೆ ನೆರವಾಗುವ ಅಣು) ಅಳಿಸಿ ಎನ್ನುತ್ತವೆ. ಅಳಿಸಿದರೆ ನೆಲಬೇವಿನ ಆಂಡ್ರೋಗ್ರಾಫೊಲೈಡ್‌ಗೆ ಮೈನಸ್ 9ರ ಆಸುಪಾಸಿನ ಅಂಕ ಬರುತ್ತದೆ (ಹೆಚ್ಚು ಮೈನಸ್ ಆದಷ್ಟೂ ಹಿಡಿತ ಬಿಗಿ). ಆದರೆ ಚಿತ್ರ ತಿರುಗಿಸಿ ನೋಡಿದರೆ ಅಣು ಹಾಯಾಗಿ ಕುಳಿತಿರುವುದು ಎಫ್‌ಎಡಿ ಖಾಲಿ ಮಾಡಿದ ಜಾಗದಲ್ಲಿ! ಎಫ್‌ಎಡಿ ಉಳಿಸಿದರೆ ಅಂಕ ಬರೀ ಮೈನಸ್ 6. ಮೈನಸ್ 9 ಚೆನ್ನಾಗಿದೆಯಲ್ಲ, ಅದನ್ನೇ ಬರೆದುಬಿಡು ಎನ್ನುತ್ತಾರೆ ಗೆಳೆಯರು. ನನಗೆ ಒಪ್ಪಿಗೆಯಾಗುತ್ತಿಲ್ಲ.

ಇನ್ನೊಂದು ತೊಡಕು: ಈ ಕಿಣ್ವ ಎರಡು ಪ್ರೋಟೀನ್ ಸರಪಳಿಗಳ ಜೋಡಿ. ಕ್ರಿಯಾತಾಣದ (ಕಿಣ್ವ ತನ್ನ ಕೆಲಸ ನಡೆಸುವ ಜಾಗ) ಅಮೈನೊ ಆಮ್ಲಗಳಲ್ಲಿ ಸಿಸ್ಟೀನ್ 52, 57 ಒಂದು ಸರಪಳಿಯಲ್ಲಿವೆ, ಹಿಸ್ಟಿಡಿನ್ 461 ಜೋಡಿ ಸರಪಳಿಯಿಂದ ಬರುತ್ತದೆ. ಒಂದೇ ಸರಪಳಿ ಇಟ್ಟರೆ ತಾಣವೇ ಅರ್ಧವಾಗುತ್ತದೆ.

ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಎರಡೂ ಸರಪಳಿ ಮತ್ತು ಎಫ್‌ಎಡಿ ಉಳಿಸಿಕೊಂಡೇ ಡಾಕಿಂಗ್ ಮಾಡಬೇಕೇ? ಹೋಲಿಕೆಗೆ ಈ ಕಿಣ್ವದ ಹಳೆಯ ಪ್ರತಿಬಂಧಕ ಮೆಪಾಕ್ರಿನ್ ಸಾಕೇ?